ಎಂಜಲ ನೀರು ಬ್ಯಾಡ, ಎಂಜಲ ಗಾಳಿ ನಡೀತೈತೇನು?

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ವಿಜಯಪುರದಾಗ ಈಗ ಓಣಿಗೊಂದು ರೀಡಿಂಗ್ ರೂಮ್ ಆಗ್ಯಾವು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸಿಂದಗಿ, ಇಂಡಿ ಕಡಿಯಿಂದ ಹುಡುಗ್ರು ಬಂದು ಮುಂಜಾನಿ ಆರಕ್ಕ ಕುಂತ್ರ ರಾತ್ರಿ ಹತ್ತಕ್ಕ ಏಳ್ತಾರ. ನನ್ನ ತಂಗಿ ಮಗಾನೂ ಅಂಥಾದೊಂದರಾಗ ಓದ್ತಾನ. ಹೋದ ತಿಂಗಳ ಅಲ್ಲಿ ಒಬ್ಬಾಂವ ಕೆಮ್ಮಾಕತ್ತಿದ್ದ, ಎಂಟ ದಿನದಾಗ ಅರ್ಧ ರೂಮು ಜ್ವರ ಅಂತ ಮಲಗಿತು, ನಮ್ಮಾಂವ ಒಂದು ಪರೀಕ್ಷಾನ ತಪ್ಪಿಸಿಕೊಂಡ.

ನಾನು ಪಿಯು ಕಾಲೇಜಿನಾಗ ಫಿಜಿಕ್ಸ್ ಹೇಳಾಂವ, ಸುಮ್ನ ಕುಂದ್ರಾಕ ಆಗ್ಲಿಲ್ಲ. ಆನ್‌ಲೈನ್‌ನಾಗ ಅಂಗೈ ಅಷ್ಟಗಲದ ಕಾರ್ಬನ್ ಡೈಆಕ್ಸೈಡ್ ಮೀಟರ್ ತರಿಸಿ ಅವನ ಟೇಬಲ್ ಮ್ಯಾಲ ಇಟ್ಟೆ. ಬಾಗಲ ತೆಗೆದಾಗ 460 ಪಿಪಿಎಂ (ಅಂದ್ರ ಗಾಳಿಯ ಹತ್ತು ಲಕ್ಷ ಪಾಲಿನಾಗ 460 ಪಾಲು) ಇತ್ತು, ಹೊರಗಿನ ಗಾಳಿನ 420ರ ಆಸುಪಾಸು ಇರತೈತಿ, ಅಡ್ಡಿ ಇಲ್ಲ. ಆಮ್ಯಾಲ ಎಸಿ ಹಚ್ಚಿದ್ರು, ಧೂಳ ಬರತೈತಿ ಅಂತ ಕಿಡಕಿಗೆ ಮೊದಲ ಟೇಪ್ ಹೊಡದಾರ, 60 ಮಂದಿ ಕುಂತ್ರು, ಹನ್ನೊಂದರೊಳಗ 2,300 ದಾಟಿತು ನೋಡ್ರಿ. ನಾವು ಬಿಡೋ ಉಸಿರಿನಾಗ ಈ ಗ್ಯಾಸ್ ಸುಮಾರು 40,000 ಪಿಪಿಎಂ ಇರತೈತಿ. 2,300ರಾಗ ಹೊರಗಿನ 420 ಕಳದು, ಉಳಿದಿದ್ದನ್ನ 40,000ದಿಂದ ಭಾಗಿಸಿದ್ರ ಅಲ್ಲಿ ಕುಂತಾಂವ ಎಳಕೊಳ್ಳೋ ಇಪ್ಪತ್ತು ಉಸಿರಿನಾಗ ಹೆಚ್ಚೂ ಕಡಿಮಿ ಒಂದು ಆಗ್ಲೇ ಮತ್ತೊಬ್ಬರ ಎದಿಯೊಳಗ ಹೋಗಿ ಬಂದಿದ್ದು! ಎಂಜಲ ನೀರು ಮುಟ್ಟಂಗಿಲ್ಲ ನಾವು, ಎಂಜಲ ಗಾಳಿಗೆ ಮಾತ್ರ ತಿಂಗಳಾ ಫೀ ಕಟ್ತೀವಿ.

ಮಾಲಕರಿಗೆ ತೋರಿಸಿದೆ. ‘ಎಸಿ ಐತಲ್ರಿ ಸರ್’ ಅಂದ್ರು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಂಗಿಲ್ಲರಿ, ಒಳಗಿಂದನ ತಿರುಗಾ ಮುರುಗಾ ತಣ್ಣಗ ಮಾಡತೈತಿ ಅಷ್ಟ, ಫ್ಲೂ, ಕೋವಿಡ್ ವೈರಸ್ಸೂ ಅದರ ಜೋಡಿ ಸುತ್ತು ಹೊಡೀತಾವು.

ಈ ಮೀಟರ್ ವೈರಸ್ ಹಿಡಿಯಂಗಿಲ್ಲ, ಗಾಳಿ ಎಷ್ಟ ಹಳಸೈತಿ ಅಷ್ಟ ಹೇಳತೈತಿ. ವೈರಸ್ ನೋಡಾಕ ಸಾಮಾನ್ಯವಾಗಿ ಗಾಳಿನ ಫಿಲ್ಟರ್‌ನಾಗ ಎಳದು ಪಿಸಿಆರ್ (ವೈರಸ್ಸಿನ ಜೀನ್ ಹುಡುಕೋ ಲ್ಯಾಬ್ ಟೆಸ್ಟ್) ಮಾಡಬೇಕು. ಕೋವಿಡ್ ಟೈಮಿನಾಗ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ಆಸ್ಪತ್ರಿ ಗಾಳಿಯೊಳಗ ಹಿಂಗ ವೈರಸ್ಸಿನ ಆರ್‌ಎನ್‌ಎ (ಅದರ ಜೀನ್ ವಸ್ತು) ಹಿಡಿದ್ರು, 2023ರಾಗ ಅಮೆರಿಕದ ಸೇಂಟ್ ಲೂಯಿಸಿನ ವಾಷಿಂಗ್ಟನ್ ಯುನಿವರ್ಸಿಟಿಯವರು ಪಿಸಿಆರ್ ಇಲ್ಲದನ, ಗಾಳಿಯೊಳಗ ಕೋವಿಡ್ ವೈರಸ್ ಐತೇನು ಅಂತ ಐದ ನಿಮಿಷದಾಗ ಹೇಳೋ ಮಷೀನ್ ಮಾಡಿ ತೋರಿಸಿದ್ರು. ಸಿಕ್ಕಿದ್ದು ಜೀವ ಇರೋ ವೈರಸ್ಸೋ ಸತ್ತದ್ದೋ ಪಿಸಿಆರ್‌ನಾಗ ಗೊತ್ತಾಗಂಗಿಲ್ಲ, ಯಾರು ಕೆಮ್ಮಿದ್ರು ಅಂತನೂ ಗೊತ್ತಾಗಂಗಿಲ್ಲ (ಅದ ಚಲೋ, ಇಲ್ಲಂದ್ರ ಪಾಪ ಆ ಹುಡುಗನ್ನ ಎಲ್ಲಾರೂ ಕೂಡಿ ಹೊರಗ ಹಾಕ್ತಿದ್ರು).

ಬೆಂಗಳೂರಾಗ ಚರಂಡಿ ನೀರು ಟೆಸ್ಟ್ ಮಾಡಿ ಕೋವಿಡ್ ಎಲ್ಲಿ ಏರಾಕತ್ತೈತಿ ಅಂತ ನೋಡಿದ್ರಲ್ಲ, ಹಂಗ ಜಿಲ್ಲಾಡಳಿತ ಚಳಿಗಾಲದಾಗರ ವಾರಕ್ಕೊಮ್ಮೆ ಬಸ್ ಸ್ಟ್ಯಾಂಡು, ಲೈಬ್ರರಿ, ದವಾಖಾನಿ ಓಪಿಡಿ ಗಾಳಿ ಟೆಸ್ಟ್ ಮಾಡಿಸಬೇಕು. ಅದು ತಡಾ ಆದ್ರ ಆಗಲಿ, ರೀಡಿಂಗ್ ರೂಮಿಗೆ ಲೈಸೆನ್ಸ್ ಕೊಡುವಾಗ ಎಲ್ಲಾರಿಗೂ ಕಾಣೂವಂಗ ಗ್ವಾಡಿಗೆ ಒಂದು ಮೀಟರ್, 1,000 ದಾಟಿದ್ರ ಕಿಡಕಿ ತೆಗೀಬೇಕು ಅನ್ನೋ ರೂಲ್, ಇಷ್ಟಕ್ಕೇನು ರೊಕ್ಕ ಬೇಕ್ರಿ?

ನಮ್ಮ ಹುಡುಗ್ರು ತಾವ ಪಟ್ಟಿ ಹಾಕಿ ಒಂದು ಎಕ್ಸಾಸ್ಟ್ ಫ್ಯಾನ್ ಕೂಡ್ರಿಸಿ, ಎದುರಿನ ಕಿಡಕಿ ಟೇಪ್ ಕಿತ್ತಾರ. ನಿನ್ನೆ ಮಧ್ಯಾಹ್ನ ಮೀಟರ್ 950 ತೋರಿಸ್ತು. ಫ್ಯಾನಿನ ಕರೆಂಟ್ ಬಿಲ್ ಯಾರು ಕೊಡಬೇಕು ಅಂತ ಮಾಲಕರ ಜೋಡಿ ಜಗಳಾ ಇನ್ನೂ ನಡದೈತಿ.

– ಒಬ್ಬ ಪಿಯು ಲೆಕ್ಚರರ್, ವಿಜಯಪುರ