ಯುದ್ಧದಾಟದ ನಿಯಮಗಳಲ್ಲಿ ಬಂದೂಕಿಗಿಂತ ಆಜ್ಞೆ ಮುಖ್ಯ

ಮಾನ್ಯ ಸಂಪಾದಕರೇ,

ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನು ಜೋಡಿಸಿ ಆಡುವ ಯುದ್ಧದಾಟಗಳ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಹದಿನೆಂಟನೆಯ ಶತಮಾನದ ಯುರೋಪಿನ ಕದನಗಳಿಗೆ ಬಂದೂಕಿನ ದೂರ, ಗುಂಡು ಹಾರಿಸುವ ವೇಗ ಮತ್ತು ಸಾವುನೋವಿನ ಕೋಷ್ಟಕಗಳು ಹೆಚ್ಚು ವಿವರವಾಗಿದ್ದಷ್ಟೂ ನಿಯಮಾವಳಿ ಉತ್ತಮ ಎಂಬ ಅದರ ನಿಲುವನ್ನು ನಾನು ಒಪ್ಪಲಾರೆ. ಸೇನಾಪತಿಗೆ ಏನು ಕಾಣುತ್ತಿತ್ತು, ಅವನ ಆಜ್ಞೆ ಎಷ್ಟು ಹೊತ್ತಿಗೆ ಮುಟ್ಟುತ್ತಿತ್ತು, ಮುಟ್ಟಿದ ಮೇಲೆ ಉದ್ದನೆಯ ಸಾಲು ಎಷ್ಟು ಬೇಗ ದಿಕ್ಕು ಬದಲಿಸುತ್ತಿತ್ತು ಎಂಬುದರ ಮೇಲೆ ಆ ಕಾಲದ ಎಷ್ಟೋ ಕದನಗಳು ನಿಂತಿದ್ದವು. ನಿಯಮಗಳ ಒತ್ತು ಬೀಳಬೇಕಾದದ್ದೂ ಅಲ್ಲಿಯೇ.

1757ರ ಡಿಸೆಂಬರ್ 5ರಂದು ಸೈಲೀಷಿಯಾದಲ್ಲಿ, ಅಂದರೆ ಇಂದಿನ ಪೋಲೆಂಡ್ ನೆಲದಲ್ಲಿ, ನಡೆದ ಲಾಯ್ಟೆನ್ ಕದನವನ್ನೇ ನೋಡಿ. ಜರ್ಮನ್ ರಾಜ್ಯವಾದ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್‌ನ ಬಳಿ ಇದ್ದವರು ಸುಮಾರು 35,000 ಮಂದಿ. ಎದುರಿಗೆ ಲೊರೇನಿನ ರಾಜಕುಮಾರ ಚಾರ್ಲ್ಸ್‌ನ ಆಸ್ಟ್ರಿಯನ್ ಸೇನೆ ಸುಮಾರು 65,000 ಬಲದೊಂದಿಗೆ, ಉತ್ತರದಿಂದ ದಕ್ಷಿಣಕ್ಕೆ ಸರಿಸುಮಾರು 8 ಕಿಲೋಮೀಟರ್ ಉದ್ದಕ್ಕೆ, ಪಶ್ಚಿಮಕ್ಕೆ ಮುಖಮಾಡಿ ನಿಂತಿತ್ತು. ಫ್ರೆಡರಿಕ್ ಬೋರ್ನ ಗ್ರಾಮದ ಕಡೆಯಿಂದ ಉತ್ತರದ ತುದಿಯನ್ನು ಹೊಡೆಯುವವನಂತೆ ತೋರಿಸಿಕೊಂಡ. ಅಲ್ಲಿದ್ದ ಆಸ್ಟ್ರಿಯನ್ ದಳಪತಿ ಲುಕ್ಕೇಸಿ ನೆರವು ಕೇಳಿದ, ಮೀಸಲು ಪಡೆ ಅತ್ತ ಹೊರಟಿತು. ಅದೇ ಹೊತ್ತಿಗೆ ಪ್ರಷ್ಯನ್ ಕಾಲಾಳುಗಳ ಸಾಲುಗಳು ಬಲಕ್ಕೆ ಹೊರಳಿ, ತಗ್ಗು ದಿಬ್ಬಗಳ ಮರೆಯಲ್ಲಿ ದಕ್ಷಿಣಕ್ಕೆ ನಡೆದವು, ಮತ್ತು ಆಸ್ಟ್ರಿಯನ್ನರು ಶತ್ರು ಹಿಂದೆ ಸರಿಯುತ್ತಿದ್ದಾನೆಂದೇ ನಂಬಿದರು. ತುಕಡಿ ತುಕಡಿಯ ನಡುವೆ ಕರಾರುವಾಕ್ಕಾದ ಅಂತರವನ್ನು ಕಾಯ್ದುಕೊಂಡು ನಡೆದಿದ್ದರಿಂದಲೇ, ಬೇಕಾದ ಜಾಗ ಬಂದಾಗ ಅವೆಲ್ಲವೂ ಎಡಕ್ಕೆ ತಿರುಗಿ ಕದನದ ಸಾಲಾಗಿ ನಿಲ್ಲಲು ಸಾಧ್ಯವಾಯಿತು. ಮಧ್ಯಾಹ್ನ ಒಂದರ ಸುಮಾರಿಗೆ ಆಸ್ಟ್ರಿಯನ್ನರ ಎಡ ತುದಿ ಮುರಿಯತೊಡಗಿತು. ಪಶ್ಚಿಮಕ್ಕೆ ನಿಂತಿದ್ದ ಸೇನೆಯನ್ನು ದಕ್ಷಿಣಕ್ಕೆ ತಿರುಗಿಸುವ ಅವಸರದಲ್ಲಿ ಅವರ ದಳಗಳು ಲಾಯ್ಟೆನ್ ಹಳ್ಳಿಯ ಬಳಿ ಒಂದರ ಮೇಲೊಂದು ಒತ್ತರಿಸಿಕೊಂಡು ನಿಂತವು. ಆ ದಿನ ಅವರು ಕಳೆದುಕೊಂಡ ಸುಮಾರು 22,000 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸೆರೆಯಾದವರು.

ಇದನ್ನು ಎಲ್ಲವೂ ಕಾಣುವ ಮೇಜಿನ ಮೇಲೆ ಆಡಿದರೆ ಚಾರ್ಲ್ಸ್‌ನ ಪಾತ್ರದ ಆಟಗಾರ ಮೊದಲ ಸರದಿಯಲ್ಲೇ ತನ್ನ ಎಡ ತುದಿಯನ್ನು ಬಲಪಡಿಸುತ್ತಾನೆ. ಅಲ್ಲಿಗೆ ಲಾಯ್ಟೆನ್ ಲಾಯ್ಟೆನ್ ಆಗಿ ಉಳಿಯುವುದಿಲ್ಲ. ನಮ್ಮ ಚದುರಂಗದಲ್ಲಿ ಇಬ್ಬರಿಗೂ ಎಲ್ಲ ಕಾಯಿಗಳೂ ಕಾಣುತ್ತವೆ, ಚೆಸ್ ಆಗಿ ಯುರೋಪಿಗೆ ಹೋದಾಗಲೂ ಆ ಗುಣ ಬದಲಾಗಲಿಲ್ಲ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್ವಿಗ್ ಎಂಬಾತ ಅದನ್ನೇ ಹಿಗ್ಗಿಸಿ ರಚಿಸಿದ ಯುದ್ಧದಾಟದಲ್ಲಿ ನೆಲದ ಬಗೆಗಳಿಗೆ ಬಣ್ಣದ ಚೌಕಗಳು ಬಂದವು. ದೊಡ್ಡ ಜಿಗಿತ ಕಂಡದ್ದು 1824ರಲ್ಲಿ, ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ ನಿಯಮಗಳಲ್ಲಿ. ಅವು ಆಟಗಾರರನ್ನು ತೀರ್ಪುಗಾರನ ಮೂಲಕ ಮಾತ್ರ ಲೋಕವನ್ನು ನೋಡುವಂತೆ ಮಾಡಿದವು: ಆಜ್ಞೆಯನ್ನು ಅವನಿಗೆ ಕೊಡಬೇಕು, ಕಂಡಿರಬಹುದಾದ ಶತ್ರುವನ್ನಷ್ಟೇ ಅವನು ನಕ್ಷೆಯ ಮೇಲೆ ಇಡುತ್ತಾನೆ, ಒಂದು ಸರದಿ ಎಂದರೆ ಎರಡು ನಿಮಿಷ. ಇಂದಿನ ಎಷ್ಟೋ ಚೆಂದದ ನಿಯಮಪುಸ್ತಕಗಳು ಈ ಎರಡು ಶತಮಾನದ ಹಿಂದಿನ ತಿಳಿವಳಿಕೆಯನ್ನು ಬದಿಗಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ಬಂದೂಕಿನ ಮಾತು. 1741ರ ಮೋಲ್ವಿಟ್ಸ್ ಕದನದಲ್ಲಿ ತನ್ನ ಕುದುರೆ ಪಡೆ ಸೋತು ದೊರೆ ಫ್ರೆಡರಿಕ್‌ನೇ ರಣರಂಗ ಬಿಟ್ಟ ಮೇಲೂ ಪ್ರಷ್ಯನ್ ಕಾಲಾಳು ತಾಲೀಮಿನ ಬಲದಿಂದ, ಬೇಗ ಬೇಗ ಗುಂಡು ಹಾರಿಸಿ ಗೆದ್ದಿತೆಂಬುದು ನಿಜ. ಗುಂಡಿನ ವೇಗ ಲೆಕ್ಕಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅಳತೆಯನ್ನು ಗಮನಿಸಬೇಕು. 8 ಕಿಲೋಮೀಟರಿನ ಸಾಲನ್ನು 180 ಸೆಂಟಿಮೀಟರ್ ಉದ್ದದ ಮೇಜಿಗೆ ಇಳಿಸಲು 1 ಮಿಲಿಮೀಟರ್ ಸುಮಾರು 5 ಮೀಟರಿಗೆ ಸಮವಾಗಬೇಕು. ಮೂರು ಸಾಲಾಗಿ ನಿಂತ 600 ಜನರ ಬೆಟಾಲಿಯನ್ನಿನ ಸುಮಾರು 120 ಮೀಟರ್ ಮುಖ ಆಗ 24 ಮಿಲಿಮೀಟರ್ ಆಗುತ್ತದೆ. ಗುಂಡು ನಿಜವಾಗಿ ಪರಿಣಾಮ ಬೀರುತ್ತಿದ್ದ 100 ಮೀಟರ್ ಬರೀ 20 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೊಂಬೆಯ ಪೀಠದ ಅಗಲ. ಹೀಗಿರುವಾಗ ಬಂದೂಕಿಗೆ ಗೇಣುಗಟ್ಟಲೆ ದೂರ ಕೊಡುವ ನಿಯಮಗಳು ಕದನದ ಚಿತ್ರವನ್ನೇ ಕೆಡಿಸುತ್ತವೆ. ಇಡೀ ಸೇನೆಯ ಕದನದಲ್ಲಿ ಗುಂಡಿನ ವಿನಿಮಯವನ್ನೂ ಬಂದೂಕಿನ ತುದಿಗೆ ಸಿಕ್ಕಿಸಿದ ಬಯನೆಟ್ಟಿನ ನುಗ್ಗಾಟವನ್ನೂ ಒಂದೇ ಘರ್ಷಣೆಯಾಗಿ ಒಂದೇ ದಾಳದ ಎಸೆತದಲ್ಲಿ ತೀರ್ಮಾನಿಸುವುದೇ ಸರಿ. ದೂರದ ಲೆಕ್ಕ ಬೇಕಾದದ್ದು ಫಿರಂಗಿಗೆ ಮಾತ್ರ.

ಹೀಗೆ ಮಾಡಿದರೆ ಆಟ ನಿಧಾನವಾಗುತ್ತದೆ, ತೀರ್ಪುಗಾರನಾಗಲು ಯಾರೂ ಒಪ್ಪುವುದಿಲ್ಲ ಎಂಬ ಆಕ್ಷೇಪ ಬರುವುದು ಸಹಜ. ಇಬ್ಬರೇ ಆಡುವಾಗಲೂ ದಾರಿಯಿದೆ. ಗೊಂಬೆಗಳ ಬದಲು ಮುಚ್ಚಿದ ಚೀಟಿಗಳನ್ನು ಮುನ್ನಡೆಸಿ, ಅವುಗಳಲ್ಲಿ ಕೆಲವನ್ನು ಖಾಲಿಯಾಗಿಟ್ಟು, ಶತ್ರುವಿನ ಕಣ್ಣಿಗೆ ಬೀಳುವಷ್ಟು ಹತ್ತಿರವಾದಾಗ ಮಾತ್ರ ತೆರೆಯಬಹುದು. ಆಜ್ಞೆಗಳನ್ನು ಮುಂಚಿತವಾಗಿ ಬರೆದಿಟ್ಟು, ದಂಡನಾಯಕನಿಂದ ದಳದ ದೂರಕ್ಕೆ ತಕ್ಕಂತೆ ಒಂದೆರಡು ಸರದಿ ತಡವಾಗಿ ಜಾರಿಗೆ ತರಬಹುದು. ಸಾಲುಗಟ್ಟಿ ನಿಂತ ದಳ ಮುಂದೆ ನಡೆಯುವುದು ಸುಲಭವಾಗಿರಲಿ, ಪಕ್ಕಕ್ಕೆ ಮುಖ ತಿರುಗಿಸಲು ಒಂದು ಪೂರ್ಣ ಸರದಿ ಹಿಡಿಯಲಿ. ಕೋಷ್ಟಕಗಳು ಕಡಿಮೆಯಾಗುವುದರಿಂದ ಉಳಿಯುವ ಸಮಯ ಇದಕ್ಕೆ ಧಾರಾಳವಾಗಿ ಸಾಕು. ತಮ್ಮ ಪುರವಣಿ ಈ ವಿಷಯದ ಮುಂದಿನ ಲೇಖನದಲ್ಲಿ ಒಂದು ಕದನವನ್ನು ಈ ರೀತಿ ಆಡಿ ತೋರಿಸುವ ವಿವರವನ್ನು ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಧಾರವಾಡ