ರಕ್ತ ಕೊಟ್ಟವರಿಗೆ ಉತ್ತರವೂ ಸಿಗಲಿ

ಮಾನ್ಯರೇ,

ಮಲೆನಾಡಿನಲ್ಲಿ ತರಗೆಲೆ ಗುಡಿಸುವ ಕಾಲ ಬಂತೆಂದರೆ ಮಂಗನ ಕಾಯಿಲೆಯ ಭಯವೂ ಜೊತೆಗೇ ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಗೆ ಇವತ್ತಿಗೂ ಇದೇ ಔಷಧಿ ಅಂತ ಒಂದಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆ, ಪರಿಣಾಮ ಸಾಲದು ಎಂದು 2022ರಲ್ಲಿ ನಿಂತಿತು. 2005-10ರ ಲೆಕ್ಕ ನೋಡಿದ ಅಧ್ಯಯನದ ಪ್ರಕಾರ ಎರಡು ಡೋಸ್‌ಗೆ ಸುಮಾರು ಶೇ 62ರಷ್ಟು ರಕ್ಷಣೆ, ಒಂದೇ ಡೋಸ್‌ನಿಂದ ಪ್ರಯೋಜನವಿಲ್ಲ. ಚುಚ್ಚಿಸಿಕೊಂಡವರಲ್ಲಿ ಎಷ್ಟು ಜನಕ್ಕೆ ಇದನ್ನು ಬಿಡಿಸಿ ಹೇಳಿದ್ದರು? ನಮ್ಮಮ್ಮ ಒಂದು ಡೋಸ್ ಹಾಕಿಸಿಕೊಂಡು, ತೋಳು ವಿಪರೀತ ನೋಯಿತೆಂದು ಮತ್ತೆ ಹೋಗಲಿಲ್ಲ. ಇನ್ನೇನೂ ಆಗಲ್ಲ ಅಂತ ನಂಬಿ, ಈ ಕಾಯಿಲೆ ಹರಡುವ ಉಣುಗು ಕಚ್ಚದಿರಲೆಂದು ಕೊಡುವ ಎಣ್ಣೆಯನ್ನೂ ಹಚ್ಚದೆ ಸೊಪ್ಪಿಗೆ ಹೋಗುತ್ತಿದ್ದರು.

ಊರಲ್ಲಿ ಜ್ವರ ಕಾಣಿಸಿದಾಗ ಮನೆಮನೆಗೆ ಬಂದು ರಕ್ತ ತೆಗೆದುಕೊಂಡು ಹೋದರು. ಪಕ್ಕದ ಮನೆಯ ಅಜ್ಜಿ ಹತ್ತಿ ಒತ್ತಿ ಹಿಡಿದುಕೊಂಡೇ "ರಿಪೋರ್ಟ್ ಯಾವಾಗ ಕೊಡ್ತೀರಿ?" ಎಂದು ಕೇಳಿದರು. ಅದು ಬರಲೇ ಇಲ್ಲ.

ಈಗ ಹೊಸ ಲಸಿಕೆಯ ಕೆಲಸ ನಡೆದಿದೆ. ಖಂಡಿತ ಬೇಕು, ನಮಗಿಂತ ಜಾಸ್ತಿ ಯಾರಿಗೆ ಬೇಕು ಹೇಳಿ? ಆದರೆ ಅದರ ಪ್ರಯೋಗಕ್ಕೆ ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಆಗಲ್ಲ, ಅಲ್ವಾ? ತುರ್ತು ಸಂದರ್ಭದ ಸಂಶೋಧನೆ ಹೇಗಿರಬೇಕು ಎನ್ನುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಅದು ಊರಿನ ಜಗಲಿಗೂ ಬರಲಿ. ಪ್ರಯೋಗಕ್ಕೆ ಮೊದಲು ಕನ್ನಡದಲ್ಲಿ ಕೂತು ಮಾತಾಡಿ. ಬೇಡ ಎಂದವರಿಗೂ ಎಣ್ಣೆ, ಚಿಕಿತ್ಸೆ ತಪ್ಪದಿರಲಿ. ತೆಗೆದುಕೊಂಡು ಹೋದ ರಕ್ತದ ಫಲಿತಾಂಶವನ್ನು ಆಶಾ ಕಾರ್ಯಕರ್ತೆಯರ ಕೈಲಾದರೂ ಮನೆಗೆ ತಲುಪಿಸಿ.

– ಒಬ್ಬ ಓದುಗ, ಸಾಗರ ತಾಲ್ಲೂಕು