ಎಸ್‌ಎನ್‌ಸಿಯು ಡ್ಯೂಟಿಗೆ ಸೇರಿದ ಸಹನಾಗೆ

ಚಿ. ಸಹನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಜಿಲ್ಲಾಸ್ಪತ್ರೆಯಲ್ಲಿ ಹಸುಗೂಸುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುಗೆ ನಿನ್ನನ್ನು ಹಾಕಿದ್ದಾರೆ, ಅಲ್ಲಿನ ಯಂತ್ರಗಳನ್ನು ನೋಡಿ ದಿಗಿಲಾಗಿದ್ದೀ ಎಂದು ನಿನ್ನಮ್ಮ ಹೇಳಿದಳು. ಯಂತ್ರ ಬೇಗ ಕೈಗೆ ಬರುತ್ತದೆ, ಬಿಡು. ತಲೆಗೆ ಹತ್ತಲು ಹೊತ್ತಾಗುವುದು ಇನ್ನೊಂದು ವಿಷಯ. ಹಸುಗೂಸಿನಲ್ಲಿ ಮೈಬಿಸಿ, ಸಕ್ಕರೆ, ಉಸಿರು ಮೂರೂ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ತಣ್ಣಗಾದ ಮಗು ಬಿಸಿ ಹುಟ್ಟಿಸಿಕೊಳ್ಳಲು ಮೈಯಲ್ಲಿದ್ದ ಸಕ್ಕರೆ ಖರ್ಚು ಮಾಡುತ್ತದೆ, ಆಮ್ಲಜನಕವನ್ನೂ ಹೆಚ್ಚು ಬೇಡುತ್ತದೆ. ಸಕ್ಕರೆ ಇಳಿದರೆ ಮಂಕಾಗುತ್ತದೆ, ಹಾಲು ಎಳೆಯುವುದಿಲ್ಲ, ಉಸಿರೂ ನಿಲ್ಲಬಹುದು. ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯಿತೆಂದು ಮಾನಿಟರ್ ಕೂಗಿದಾಗ ಉಸಿರು ನೋಡುತ್ತಲೇ ಪಾದ ಮುಟ್ಟು, ಜಿಆರ್‌ಬಿಎಸ್ (ರಕ್ತದ ಸಕ್ಕರೆ) ಕೂಡ ನೋಡು.

ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಆಗಲೇ ಶುರುವಾಗಿದೆ; ಎರಡೂ ತಣ್ಣಗಿದ್ದರೆ ತಡವಾಗಿದೆ. ಮಗುವನ್ನು ಬೆಚ್ಚಗಿಡುವ ವಾರ್ಮರಿನ ಪ್ರೋಬನ್ನು, ಅಂದರೆ ಮೈಬಿಸಿ ಅಳೆಯುವ ತುದಿಯನ್ನು, ಹೊಟ್ಟೆಯ ಬಲ ಮೇಲ್ಭಾಗಕ್ಕೆ ಅಂಟಿಸು, ಮೂಳೆಯ ಮೇಲೆ ಬೇಡ. ಅದು ಕಿತ್ತುಬಂದರೆ ಗಾಳಿಯ ತಂಪನ್ನು ಅಳೆಯುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ, ಮಗುವಿನ ಮೈ ಕಾಯುತ್ತದೆ. ಮಗುವಿನ ಅಡಿಗೆ ಸಿಕ್ಕಿಕೊಂಡರೆ ತದ್ವಿರುದ್ಧ: ಅಲ್ಲಿ ಬಿಸಿ ಹೆಚ್ಚು ತೋರಿಸಿ ಹೀಟರ್ ಇಳಿಯುತ್ತದೆ, ಮಗು ತಣ್ಣಗಾಗುತ್ತದೆ. ಪರದೆಯ ಅಂಕಿಯನ್ನೇ ಚಾರ್ಟಿಗೆ ಇಳಿಸುವ ಅಭ್ಯಾಸ ನಿನಗೆ ಬೇಡ. ಥರ್ಮಾಮೀಟರ್ ಇಟ್ಟು ನೋಡು.

ಸಕ್ಕರೆ ನೋಡುವಾಗ ಹಿಮ್ಮಡಿಯ ಪಕ್ಕಕ್ಕೆ ಚುಚ್ಚು, ನಡುಭಾಗಕ್ಕಲ್ಲ. ಸ್ಪಿರಿಟ್ ಪೂರ್ತಿ ಆರಿರಬೇಕು. ಪಾದ ಬೆಚ್ಚಗಿದ್ದರೆ ರಕ್ತ ತಾನೇ ಬರುತ್ತದೆ. ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ಸುಳ್ಳಾಗುತ್ತದೆ. ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕಡಿಮೆ ಬಂದರೆ ತಕ್ಷಣ ಡಾಕ್ಟರಿಗೆ ಹೇಳು. ನಡುಕ, ಮಂಕು, ಫಿಟ್ಸ್ ಇದ್ದರೆ ಸಾಮಾನ್ಯವಾಗಿ ಕಿಲೋಗೆ 2 ಎಂಎಲ್‌ನಂತೆ ಸಕ್ಕರೆ ದ್ರಾವಣವಾದ 10% ಡೆಕ್ಸ್‌ಟ್ರೋಸ್ ಬರೆಯುತ್ತಾರೆ, ಹಿಂದೆಯೇ ಡ್ರಿಪ್. ಅರ್ಧ ಗಂಟೆಗೆ ಮತ್ತೆ ಪರೀಕ್ಷೆ. ಅವಸರದಲ್ಲಿ 25% ಬಾಟಲಿಗೆ ಕೈ ಹಾಕೀಯೆ, ಜೋಕೆ: ಎಳೆ ರಕ್ತನಾಳ ಸುಡುತ್ತದೆ, ಸಕ್ಕರೆ ಜಿಗಿದು ಇನ್ಸುಲಿನ್ ಏರಿ ಮತ್ತೆ ಕುಸಿಯುತ್ತದೆ. ರಕ್ತನಾಳಕ್ಕೆ ಹಾಕಿದ ಕ್ಯಾನುಲಾ ಹೊರಬಂದು ಡ್ರಿಪ್ ನಿಂತಾಗಲೂ ಹಾಗೇ ಕುಸಿಯುತ್ತದೆ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಹ್ಯಾಂಡ್‌ಓವರ್ ಮಂಚದ ಪಕ್ಕ ನಿಂತೇ ಆಗಬೇಕು.

ಹಾಲಿನ ಲೆಕ್ಕವನ್ನು ಬಾಯಿಗೆ ಬಂದಂತೆ ಹೇಳಬಾರದು. 1.8 ಕಿಲೋ ಮಗುವಿಗೆ ಮೊದಲ ದಿನ ಕಿಲೋಗೆ 60 ಎಂಎಲ್ ಎಂದರೆ 108. ಎರಡು ಗಂಟೆಗೊಮ್ಮೆ 9 ಎಂಎಲ್. ಗರ್ಭದಲ್ಲಿ 34 ವಾರ ದಾಟಿದವು ಹೆಚ್ಚಾಗಿ ಮೊಲೆ ಕಚ್ಚುತ್ತವೆ, 32ರಿಂದ 34ರವಕ್ಕೆ ಒಳಲೆ, ಇನ್ನೂ ಎಳೆಯವಕ್ಕೆ ಟ್ಯೂಬು. ಟ್ಯೂಬನ್ನು ಬಾಯಿಯಿಂದ ಕಿವಿಗೆ, ಅಲ್ಲಿಂದ ಎದೆಮೂಳೆಯ ತುದಿಗೂ ಹೊಕ್ಕುಳಿಗೂ ನಡುವಿನವರೆಗೆ ಅಳೆದು ಗುರುತು ಹಾಕು. ಪ್ರತಿ ಸಲ ಹಾಲು ಬಿಡುವ ಮುಂಚೆ ಆ ಗುರುತು ತುಟಿಯ ಬಳಿಯೇ ಇದೆಯೇ, ತುದಿ ಹೊಟ್ಟೆಯಲ್ಲಿಯೇ ಇದೆಯೇ ನೋಡು. ಸಿರಿಂಜಿನ ದಂಡ ತೆಗೆದು ಹಾಲು ತಾನಾಗಿ ಇಳಿಯಲು ಬಿಡು. ತಳ್ಳಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದೀತು. ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ ಹಾಲು ನಿಲ್ಲಿಸಿ ಡಾಕ್ಟರನ್ನು ಕರೆ. ನಿನ್ನೆ ಚೆನ್ನಾಗಿ ಕುಡಿದ ಮಗು ಇವತ್ತು ಬೇಡವೆಂದರೆ, ಬೇರೇನೂ ಕಾಣದಿದ್ದರೂ, ಸೋಂಕಿರಬಹುದೆಂದು ತಿಳಿಸು. ಜ್ವರ ಬರಲೆಂದು ಕಾಯಬೇಡ, ಇವು ಜ್ವರಕ್ಕಿಂತ ಹೆಚ್ಚಾಗಿ ತಣ್ಣಗಾಗುತ್ತವೆ.

ಕೈ ತೊಳೆಯುವುದನ್ನು ನಿನಗೆ ಹೇಳಬೇಕಿಲ್ಲ. ಬಳೆ, ಉಂಗುರ, ಕೈಗೆ ಕಟ್ಟಿದ ದೇವರ ದಾರ ಮಾತ್ರ ಮನೆಯಲ್ಲೇ ಬಿಟ್ಟು ಹೋಗು, ಯಾರೇನೇ ಅಂದರೂ.

ಮೊದಲ 24 ಗಂಟೆಯೊಳಗೆ ಕಂಡ ಕಾಮಾಲೆ ಸಹಜವಲ್ಲ. ಅಂಗೈ ಅಂಗಾಲು ಹಳದಿಯಾದದ್ದೂ ಅಷ್ಟೇ. ಎಳೆಬಿಸಿಲು ಸಾಕೆನ್ನುವ ಅಜ್ಜಿಯರ ಜೊತೆ ವಾದಕ್ಕಿಳಿಯಬೇಡ, ಆದರೆ ಕಾಮಾಲೆ ಇಳಿಸುವ ಫೋಟೊಥೆರಪಿ ದೀಪದ ಕೆಳಗಿಂದ ಮಗುವನ್ನು ಬಿಸಿಲಿಗೆ ಒಯ್ಯಲು ಬಿಡಲೂ ಬೇಡ. ಫೋಟೊಥೆರಪಿಯಲ್ಲಿ ನ್ಯಾಪಿ ಚಿಕ್ಕದಿರಲಿ. ಕಣ್ಣಿನ ಪಟ್ಟಿ ಜಾರಿ ಮೂಗು ಮುಚ್ಚೀತು, ಆಗಾಗ ನೋಡು. ಎರಡು ಮೂರು ಗಂಟೆಗೊಮ್ಮೆ ತಾಯಿಹಾಲು ಕೊಡಿಸು, ಗ್ಲೂಕೋಸ್ ನೀರು ಬೇಡ. ದೀಪಕ್ಕಿಟ್ಟ ಮೇಲೆ ಚರ್ಮದ ಬಣ್ಣ ಮೋಸ ಮಾಡುತ್ತದೆ, ರಕ್ತದ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ವರದಿಯನ್ನೇ ನಂಬು. ಮಗು ಬಿಲ್ಲಿನಂತೆ ಬೆನ್ನು ಬಗ್ಗಿಸಿ ಕಿರುಚಿದರೆ ಒಂದು ನಿಮಿಷವೂ ತಡಮಾಡಬೇಡ.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡ, ಇವುಗಳ ಉಸಿರು ಏರುಪೇರು. 60 ಮುಟ್ಟಿದರೆ, ಎದೆ ಒಳಗೆ ಸೆಳೆದರೆ, ನರಳಿದರೆ ಹೇಳು. ಉಸಿರು ನಿಂತರೆ ಅಂಗಾಲು ತಟ್ಟು, ಬೆನ್ನು ಉಜ್ಜು, ಬಾರದಿದ್ದರೆ ಬ್ಯಾಗ್ ಮಾಸ್ಕ್‌ನಿಂದ ಉಸಿರು ಕೊಡು. ಎಳೆ ಕೂಸು ಆಮ್ಲಜನಕದಲ್ಲಿದ್ದಾಗ ಸ್ಯಾಚುರೇಶನ್ 90ರಿಂದ 95ರೊಳಗಿರಲಿ. ನೂರು ತೋರಿಸಿತೆಂದು ಖುಷಿಪಡಬೇಡ, ಹೆಚ್ಚಾದ ಆಮ್ಲಜನಕ ಕಣ್ಣಿನ ಒಳಪದರವಾದ ರೆಟಿನಾ ಹಾಳುಮಾಡುತ್ತದೆ.

ಸ್ಥಿರವಾದ ಸಣ್ಣ ತೂಕದ ಮಗುವನ್ನು ತಾಯಿಯ ಎದೆಗೆ ನೆಟ್ಟಗೆ, ಕಾಲು ಕಪ್ಪೆಯಂತೆ ಮಡಿಸಿ ಕಟ್ಟಿಸು. ಒಮ್ಮೆ ಇಟ್ಟರೆ ಗಂಟೆಯಾದರೂ ಇರಲಿ, ದಿನಕ್ಕೆ ಕನಿಷ್ಠ 8 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಾಯಿ ದಣಿದರೆ ಅಜ್ಜಿ ಕೂರಲಿ. ಬಜೆ, ಜೇನು, ಸಾಂಬ್ರಾಣಿ ಹೊಗೆ ಬೇಡವೆಂದು ಹೇಳುವುದಕ್ಕೂ ಅದೇ ಒಳ್ಳೆಯ ಹೊತ್ತು.

ಡಿಸ್ಚಾರ್ಜ್ ದಿನ ಆ ರೆಟಿನಾ ನೋಡುವ ಕಣ್ಣಿನ ಪರೀಕ್ಷೆ ಮರೆಯುವುದೇ ಹೆಚ್ಚು. 2 ಕಿಲೋಗಿಂತ ಕಡಿಮೆ ತೂಕದ, ಇಲ್ಲವೇ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿಗೆ 30 ದಿನದೊಳಗೆ ಆಗಬೇಕು; 28 ವಾರದೊಳಗಿನ ಅಥವಾ 1200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು ಮೂರು ವಾರಕ್ಕೇ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಎಳೆಗೂಸುಗಳ ಕಣ್ಣಿನ ತಪಾಸಣೆ ಯೋಜನೆ ಕಿಡ್‌ರಾಪ್‌ನಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗುತ್ತಾರೆ. ನಿಮ್ಮಲ್ಲಿ ಆ ದಿನ ಯಾವುದೆಂದು ವಿಚಾರಿಸಿಕೋ. ತಾರೀಖನ್ನು ಕಾರ್ಡಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು, ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ ಹೇಳು.

ಇಂತಿ,
ನಿನ್ನ ದೊಡ್ಡಮ್ಮ